ಹಳೇ ಸ್ಪೇಸ್ ಸೀರಿಯಲ್‌ಗೆ ಹೊಸ ಗ್ರಾಫಿಕ್ಸ್: ಹಾಕೋದಾದ್ರೆ ಹೇಗೆ, ಬಿಡೋದಾದ್ರೆ ಯಾಕೆ

ಈ ಪ್ರಶ್ನೆ ಎತ್ತಿದ ಕೂಡ್ಲೇ ಜನ ಎರಡು ಪಾರ್ಟಿ ಆಗ್ಬಿಡ್ತಾರೆ. ಒಂದು ಕಡೆಯವರು "ಥರ್ಮಾಕೋಲ್ ಬಂಡೆ, ಕಪ್ಪು ಪರದೆ ಮುಂದೆ ತೇಲಾಡೋ ಆಟಿಕೆ ಹಡಗು, ಇದನ್ನ ಈಗಿನ ಹುಡುಗ್ರು ಯಾರು ನೋಡ್ತಾರೆ ಮಾರಾಯಾ, ಎಲ್ಲ ಕಿತ್ತು ಹೊಸ ಗ್ರಾಫಿಕ್ಸ್ ಹಾಕಿ" ಅಂತಾರೆ. ಇನ್ನೊಂದು ಕಡೆಯವರು ಒಂದು ಫ್ರೇಮ್ ಮುಟ್ಟಿದ್ರೂ ಜಗಳಕ್ಕೇ ಬರ್ತಾರೆ. ನನಗೆ ಕಂಡ ಹಾಗೆ ಇವರಿಬ್ರೂ ಒಂದೇ ವಿಷಯದ ಬಗ್ಗೆ ಮಾತೇ ಆಡ್ತಿಲ್ಲ. ಡಬ್ಬಿ ಮೇಲೆ ರೀಮಾಸ್ಟರ್ಡ್ ಅಂತ ಒಂದೇ ಲೇಬಲ್ ಇರತ್ತೆ, ಆದ್ರೆ ಒಳಗೆ ನಡೆದ ಕೆಲಸ ಒಂದೊಂದು ಸೀರಿಯಲ್‌ಗೂ ಬೇರೆ. ಒಂದ್ರಲ್ಲಿ ನೆಗೆಟಿವ್ ಸ್ವಚ್ಛ ಮಾಡಿ ಸ್ಕ್ಯಾನ್ ಮಾಡಿರ್ತಾರೆ ಅಷ್ಟೇ, ಇನ್ನೊಂದ್ರಲ್ಲಿ ಹಳೇ ಹಡಗಿನ ಶಾಟನ್ನೇ ಬಿಚ್ಚಿ ಮತ್ತೆ ಜೋಡಿಸಿರ್ತಾರೆ, ಮತ್ತೊಂದ್ರಲ್ಲಿ ಹಳೇದು ಪೂರ್ತಿ ತೆಗೆದು ಕಂಪ್ಯೂಟರ್ ಹಡಗು ಕೂರಿಸಿರ್ತಾರೆ, ಇತ್ತೀಚೆಗೆ ಎಐಗೆ ಕೊಟ್ಟು ಕೈ ತೊಳ್ಕೊಳ್ಳೋದೂ ಶುರುವಾಗಿದೆ. ಈ ನಾಲ್ಕಕ್ಕೂ ಒಂದೇ ಉತ್ತರ ಕೊಡೋಕೆ ಬರಲ್ಲ. ನಾನು ಶಿರಸಿಲಿ ಹಳೇ ಮದುವೆ, ಉಪನಯನದ ಕ್ಯಾಸೆಟ್‌ಗಳನ್ನ ಪೆನ್‌ಡ್ರೈವಿಗೆ ಹಾಕ್ಕೊಡೋ ಕೆಲಸ ಮಾಡೋನು, ಟೇಪು ಅಂದ್ರೆ ಎಂತ, ಫಿಲ್ಮ್ ಅಂದ್ರೆ ಎಂತ, ಯಾವುದ್ರಿಂದ ಎಷ್ಟು ಹೊರಗೆ ತೆಗೀಬಹುದು ಅನ್ನೋದು ದಿನಾ ಕೈಯಲ್ಲೇ ಇರೋ ವಿಷಯ. ಅಲ್ಲಿಂದಲೇ ಹೇಳ್ತೀನಿ.

ಮೊದಲು ಸ್ಟಾರ್ ಟ್ರೆಕ್ ತಗೊಳ್ಳಿ. 1966ರಿಂದ 1969ರ ತನಕ ಅಮೆರಿಕದ ಎನ್‌ಬಿಸಿಲಿ ಬಂದಿದ್ದು, ಮೂರು ಸೀಸನ್, ಒಟ್ಟು 79 ಎಪಿಸೋಡು. ನಮ್ಮಲ್ಲಿ 80ರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಗ್ಗೆ ಹಾಕ್ತಿದ್ರು. ಬಿದಿರು ಗಳಕ್ಕೆ ಆಂಟೆನಾ ಕಟ್ಟಿ, ಒಬ್ಬ ಮಾಡಿನ ಮೇಲೆ ಹತ್ತಿ ತಿರುಗಿಸ್ತಾ, ಇನ್ನೊಬ್ಬ ಜಗಲಿಯಿಂದ "ಬಂತು ಬಂತು, ಹೋತು" ಅಂತ ಕೂಗ್ತಾ ನೋಡಿದವರಿಗೆ ಆ ಹಡಗು ಆಟಿಕೆ ಅಂತ ಅನಿಸ್ಲೇ ಇಲ್ಲ, ಯಾಕಂದ್ರೆ ಪರದೆ ತುಂಬಾ ಚುಕ್ಕಿನೇ ಇರ್ತಿತ್ತು, ಅದ್ರಲ್ಲಿ ಯಾವ್ದು ನಕ್ಷತ್ರ ಯಾವ್ದು ಸಿಗ್ನಲ್ ತೊಂದರೆ ಅಂತ ಯಾರಿಗೆ ಗೊತ್ತು.

ಆ ಹಡಗು, ಅಂದ್ರೆ ಎಂಟರ್‌ಪ್ರೈಸ್, ಸುಮಾರು 11 ಅಡಿ ಉದ್ದದ ಮಾಡೆಲ್. ಬಹುಪಾಲು ಮರದ್ದು, ಜೊತೆಗೆ ಸ್ವಲ್ಪ ತಗಡು, ಪ್ಲಾಸ್ಟಿಕ್ಕು. ಒಳಗೆ ಲೈಟ್ ಹಾಕೋಕೆ ಎಡಗಡೆಯಿಂದ ವೈರ್ ಎಳೆದಿದ್ರು, ಹಾಗಾಗಿ ಕ್ಯಾಮೆರಾಗೆ ತೋರಿಸೋಕೆ ಆಗ್ತಿದ್ದಿದ್ದು ಬಲಗಡೆ ಮಾತ್ರ. ಎಡಗಡೆ ಬೇಕಂದ್ರೆ ಹೆಸರು, ನಂಬರ್ ಎಲ್ಲ ಉಲ್ಟಾ ಬರೆದ ಸ್ಟಿಕ್ಕರ್ ಅಂಟಿಸಿ ಶೂಟ್ ಮಾಡಿ, ಆಮೇಲೆ ಫಿಲ್ಮನ್ನ ತಿರುಗಿಸಿಬಿಡೋದು. ಒಂದ್ಸಲ ಚೆನ್ನಾಗಿ ಬಂದ ಶಾಟನ್ನ ಎಪಿಸೋಡ್ ಮೇಲೆ ಎಪಿಸೋಡಲ್ಲಿ ಮತ್ತೆ ಮತ್ತೆ ಹಾಕ್ತಿದ್ರು, ಯಾಕಂದ್ರೆ ವಾರಕ್ಕೊಂದು ಎಪಿಸೋಡ್ ಹೊರಗೆ ಹೋಗ್ಬೇಕು, ದುಡ್ಡೂ ಇಲ್ಲ. ಹಡಗು ಪ್ರತಿ ವಾರ ಗ್ರಹದ ಮೇಲೆ ಇಳಿಯೋದನ್ನ ತೋರಿಸೋ ಖರ್ಚು ತಪ್ಪಿಸೋಕೇ ಜನರನ್ನ ಮಿಂಚಿ ಮಾಯ ಮಾಡಿ ಕೆಳಗೆ ಕಳಿಸೋ ಟ್ರಾನ್ಸ್‌ಪೋರ್ಟರ್ ಹುಟ್ಟಿದ್ದು, ಆ ಮಿಂಚೂ ಎಂತದು ಅಂದ್ರೆ ಬೆಳಕಿನಲ್ಲಿ ಅಲ್ಯುಮಿನಿಯಂ ಪುಡಿ ಉದುರಿಸಿ ಶೂಟ್ ಮಾಡಿದ್ದು. ಇವತ್ತು ಆ ಮಾಡೆಲ್ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ವಿಮಾನ ಮತ್ತು ಬಾಹ್ಯಾಕಾಶ ಮ್ಯೂಸಿಯಮ್ಮಲ್ಲಿದೆ, 1974ರಲ್ಲಿ ಕೊಟ್ಟಿದ್ದು, 2016ರಲ್ಲಿ ರಿಪೇರಿ ಮಾಡಿ ಮುಖ್ಯ ಹಾಲಲ್ಲೇ ಇಟ್ರು.

ಹಾಗಿದ್ರೆ ಈಗ ನೋಡಿದಾಗ ಯಾಕೆ ಕೆಟ್ಟದಾಗಿ ಕಾಣತ್ತೆ? ಮಾಡೆಲ್ ಕೆಟ್ಟದಾಗಿತ್ತು ಅಂತ ಅಲ್ಲ. ಆಗ ಹಡಗು, ನಕ್ಷತ್ರ, ಗ್ರಹ ಇವನ್ನ ಬೇರೆ ಬೇರೆ ಶೂಟ್ ಮಾಡಿ ಆಪ್ಟಿಕಲ್ ಪ್ರಿಂಟರ್ ಅನ್ನೋ ಮಷಿನಲ್ಲಿ ಒಂದರ ಮೇಲೊಂದು ಹಾಕಿ ಹೊಸ ಫಿಲ್ಮಿಗೆ ಇಳಿಸ್ತಿದ್ರು. ಪ್ರತಿ ಸಲ ಇಳಿಸಿದಾಗ್ಲೂ ಕಾಪಿಯ ಕಾಪಿ ಆಗತ್ತೆ, ಧೂಳು ಕೂರತ್ತೆ, ಕಾಳು ಕಾಳಾಗಿ ಗ್ರೇನ್ ಜಾಸ್ತಿ ಆಗತ್ತೆ, ಹಡಗಿನ ಅಂಚಲ್ಲಿ ನೀಲಿ ಗೆರೆ ಉಳಿಯತ್ತೆ. ನಟರು ಮಾತಾಡೋ ಸೀನು ಮಾತ್ರ ನೇರ 35 ಎಂಎಂ ನೆಗೆಟಿವಲ್ಲೇ ಇದೆ, ಅದು ಇವತ್ತಿನ ದೊಡ್ಡ ಟಿವಿಗೂ ಸಾಕಾಗುವಷ್ಟು ವಿವರ ಹಿಡ್ಕೊಂಡಿರತ್ತೆ. ಆ ಕಾಲದ ಅಮೆರಿಕದ ಟಿವಿಲಿ 525 ಗೆರೆ, ಅದೂ ಪೂರ್ತಿ ಚಿತ್ರಕ್ಕೆ ಸಿಗಲ್ಲ, ಹಾಗಾಗಿ ಎರಡೂ ಒಂದೇ ಥರ ಮಸುಕಾಗಿ ಹೊಂದ್ಕೊಂಡಿತ್ತು. ಎಚ್‌ಡಿ ಸ್ಕ್ಯಾನ್ ಮಾಡಿದ್ ಕೂಡ್ಲೇ ಈ ಹೊಂದಾಣಿಕೆ ಒಡೀತು: ಕತೆಯ ನಾಯಕ ಕ್ಯಾಪ್ಟನ್ ಕರ್ಕ್ ಮುಖದ ಮೇಲಿನ ಮೇಕಪ್ ಗೆರೆ ಸಹ ಕಾಣತ್ತೆ, ಹೊಡೆದಾಟದಲ್ಲಿ ಅವನ ಬದಲು ಬಿದ್ದವನು ಬೇರೆಯವನು ಅಂತ ಸ್ಪಷ್ಟ ಗೊತ್ತಾಗತ್ತೆ, ಮರುಕ್ಷಣ ಹಡಗಿನ ಶಾಟ್ ಬಂದ್ರೆ ಮಣ್ಣು ತೂರಿದ ಹಾಗೆ. ದೊಂದಿ ಬೆಳಕಿಗೆ ಅಂತ ಬರೆದ ಯಕ್ಷಗಾನದ ರಾಕ್ಷಸನ ಮುಖವನ್ನ ಈಗಿನ ಎಲ್‌ಇಡಿ ಫೋಕಸ್ ಲೈಟಲ್ಲಿ ಚೌಕಿ ಪಕ್ಕ ನಿಂತು ನೋಡಿದ ಹಾಗೆ ಅದು. ಬಣ್ಣ ಬರೆದವನ ತಪ್ಪು ಏನಿಲ್ಲ, ಬೆಳಕು ಬದಲಾಗಿದೆ ಅಷ್ಟೇ.

2006ರಲ್ಲಿ, ಸೀರಿಯಲ್‌ಗೆ 40 ವರ್ಷ ತುಂಬಿದಾಗ, ಆಗ ಅದರ ಹಕ್ಕು ಇದ್ದ ಸಿಬಿಎಸ್‌ನವರು ನೆಗೆಟಿವ್‌ಗಳನ್ನ ಹೊಸದಾಗಿ ಸ್ಕ್ಯಾನ್ ಮಾಡಿ, ಹೊರಗಿನ ಆಕಾಶದ ಶಾಟ್‌ಗಳನ್ನೆಲ್ಲ ಸಿಜಿ, ಅಂದ್ರೆ ಕಂಪ್ಯೂಟರ್ ಗ್ರಾಫಿಕ್ಸಲ್ಲಿ ಮತ್ತೆ ಮಾಡಿದ್ರು. ಮೈಕ್ ಒಕುಡಾ, ಡೆನಿಸ್ ಒಕುಡಾ, ಡೇವ್ ರೊಸ್ಸಿ ಅದರ ಉಸ್ತುವಾರಿ. ಇವರು ಸ್ವಲ್ಪ ಮರ್ಯಾದಸ್ಥರು, ಹಡಗನ್ನ ಈಗಿನ ಸಿನಿಮಾ ಥರ ಗಿರಗಿರ ತಿರುಗಿಸಲಿಲ್ಲ. ತಿರುಗಿಸೋಕೂ ಜಾಗ ಇರ್ಲಿಲ್ಲ ಅನ್ನಿ. ಎಡಿಟಿಂಗು, ಸಂಗೀತ ಮೊದ್ಲೇ ಗಟ್ಟಿಯಾಗಿ ಕೂತಿದೆ, ನಾಲ್ಕು ಸೆಕೆಂಡಿನ ಶಾಟ್ ಜಾಗದಲ್ಲಿ ನಾಲ್ಕು ಸೆಕೆಂಡಿಂದೇ ಕೂರಬೇಕು. ಹೊಸಬರು ಮರೆಯೋ ವಿಷಯ ಇದು. ಗ್ರಾಫಿಕ್ಸ್ ಅನ್ನೋದು ಮೇಲಿಂದ ಅಂಟಿಸಿದ ಪದರ ಅಲ್ಲ, ಆ ಶಾಟ್ ಎಷ್ಟು ಹೊತ್ತು ನಿಲ್ಲತ್ತೆ, ಅದ್ರ ನಂತರ ನಟ ಯಾವ ಕಡೆ ನೋಡ್ತಾನೆ, ಸೆಟ್ಟಿಗೆ ಎಷ್ಟು ಬೆಳಕು ಹಾಕಿದಾರೆ ಎಲ್ಲವೂ ಅದರ ಸುತ್ತ ಕಟ್ಟಿದ್ದು. ಬಟ್ಟೆ, ಸೆಟ್ಟು ಎಲ್ಲ ಕೆಂಪು, ಹಳದಿ, ನೇರಳೆ ಅಂತ ಕಣ್ಣಿಗೆ ಹೊಡಿಯೋ ಹಾಗಿರೋಕೂ ಒಂದು ಕಾರಣ ಇದೆ, ಎನ್‌ಬಿಸಿಯ ಮಾಲೀಕ ಕಂಪನಿ ಆರ್‌ಸಿಎ ಕಲರ್ ಟಿವಿ ಮಾರ್ತಿತ್ತು. ಅಂಥಾ ನೇರಳೆ ಗೋಡೆ ಮುಂದೆ ನಿಂತ ನಟ ಕಿಟಕಿಯಾಚೆ ನೋಡ್ತಾನೆ, ಆಚೆ ಮಾತ್ರ 2006ರ ಕಂಪ್ಯೂಟರ್ ಗ್ರಹ ಅಂದ್ರೆ ಕಣ್ಣು ಒಂದ್ ಕ್ಷಣ ತಡವರಿಸತ್ತೆ.

ಆದ್ರೂ ಕೆಲವು ಕಡೆ ಹೊಸದೇ ವಾಸಿ ಅಂತ ಒಪ್ಲೇಬೇಕು. 1967ರ ‘ದಿ ಡೂಮ್ಸ್‌ಡೇ ಮಷಿನ್’ ಅಂತ ಒಂದು ಎಪಿಸೋಡಿದೆ, ಗ್ರಹಗಳನ್ನೇ ನುಂಗ್ತಾ ಬರೋ ದೈತ್ಯ ಯಂತ್ರದ ಕತೆ. ಅದ್ರಲ್ಲಿ ಹಾಳಾದ ಇನ್ನೊಂದು ಹಡಗು ತೋರಿಸ್ಬೇಕಿತ್ತು, 11 ಅಡಿ ಮಾಡೆಲನ್ನ ಸುಡೋಕಂತೂ ಆಗಲ್ಲ, ಹಾಗಾಗಿ ಅಂಗಡಿಲಿ ಮಕ್ಕಳಿಗೆ ಮಾರ್ತಿದ್ದ ಪ್ಲಾಸ್ಟಿಕ್ ಕಿಟ್ ತಂದು ಸುಟ್ಟು ಒಡೆದು ಶೂಟ್ ಮಾಡಿದ್ರು. ಹಳೇ ಆವೃತ್ತಿಲಿ ಎರಡು ಹಡಗೂ ಅಕ್ಕಪಕ್ಕ ಬಂದಾಗ ಒಂದು ಹಡಗು, ಇನ್ನೊಂದು ಕರಗಿದ ಬಾಟಲಿ. ಹೊಸದ್ರಲ್ಲಿ ಆ ಯಂತ್ರದ ಗಾತ್ರ ನಿಜಕ್ಕೂ ಎದೆಗೆ ತಾಗತ್ತೆ, ಹಡಗು ಅದ್ರ ಬಾಯಿ ಮುಂದೆ ಸೊಳ್ಳೆಯಷ್ಟು. ಕತೆ ಕೇಳೋದೂ ಅದನ್ನೇ, ಗಾತ್ರದ ಭಯವನ್ನ.

ಗಾತ್ರ ಅಂದಾಗ ಒಂದು ಲೆಕ್ಕ ಹೇಳ್ಬೇಕು, ಮಾಡೆಲ್ ಯಾಕೆ ಮಾಡೆಲ್ ಥರಾನೇ ಕಾಣತ್ತೆ ಅನ್ನೋದಕ್ಕೆ. ಕಾರವಾರದ ಟಾಗೋರ್ ಬೀಚಲ್ಲಿ ಐಎನ್‌ಎಸ್ ಚಪಲ್ ನಿಂತಿದೆಯಲ್ಲ, ಮ್ಯೂಸಿಯಂ ಮಾಡಿರೋ ಕ್ಷಿಪಣಿ ನೌಕೆ, ಅದ್ರದ್ದು 16 ಪಟ್ಟು ಚಿಕ್ಕ ಮಾಡೆಲ್ ಮಾಡಿ ಒಂದು ಟ್ಯಾಂಕಲ್ಲಿ ಬಿಟ್ಟು ಶೂಟ್ ಮಾಡಿದ್ರಿ ಅಂತಿಟ್ಕೊಳ್ಳಿ. ಅದ್ರ ಮೇಲಿಂದ ಒಂದು ತುಂಡು ಮುರಿದು ಬಿದ್ರೆ ನಿಜವಾದ ಹಡಗಲ್ಲಿ ಬೀಳೋಕೆ ಹಿಡಿಯೋ ಟೈಮಿಗಿಂತ ಕಾಲು ಭಾಗದಲ್ಲೇ ಬಿದ್ದುಬಿಡತ್ತೆ, ಯಾಕಂದ್ರೆ ಬೀಳೋ ಟೈಮು ಎತ್ತರದ ವರ್ಗಮೂಲದ ಲೆಕ್ಕದಲ್ಲಿ ಬರೋದು, 16ರ ವರ್ಗಮೂಲ 4. ಹಾಗಾಗಿ ಸೆಕೆಂಡಿಗೆ 24 ಫ್ರೇಮ್ ಬದಲು 96 ಫ್ರೇಮಲ್ಲಿ ಶೂಟ್ ಮಾಡಿ ನಿಧಾನ ಓಡಿಸ್ಬೇಕು, ಆಗ ಭಾರ ಇದ್ದ ಹಾಗೆ ಕಾಣತ್ತೆ. ಆದ್ರೆ ನೀರಿನ ಹನಿಗೆ ಈ ಉಪಾಯ ನಡಿಯಲ್ಲ, ಮಾಡೆಲ್ ಚಿಕ್ಕದಾಯ್ತು ಅಂತ ಹನಿ ಚಿಕ್ಕದಾಗಲ್ಲ, ಅದಕ್ಕೇ ಹಳೇ ಸಿನಿಮಾಗಳ ಸಮುದ್ರ ಯುದ್ಧ ಬಕೆಟ್ಟಲ್ಲಿ ನಡೆದ ಹಾಗಿರತ್ತೆ. ಬಾಹ್ಯಾಕಾಶದಲ್ಲಿ ನೀರಿಲ್ಲ, ಗಾಳಿಯಿಲ್ಲ, ಬೀಳೋದಿಲ್ಲ, ಹಾಗಾಗಿ ಸ್ಪೇಸ್ ಸೀರಿಯಲ್ ಮಾಡೋರಿಗೆ ಮಾಡೆಲ್ ಒಳ್ಳೆ ಹತ್ಯಾರವೇ ಆಗಿತ್ತು, ಎಡವಟ್ಟಾಗ್ತಿದ್ದಿದ್ದು ಬೆಂಕಿ, ಹೊಗೆ ಬಂದಾಗ.

ಈಗ ನನಗೆ ತುಂಬ ಇಷ್ಟದ ಕೇಸಿಗೆ ಬರೋಣ. 1987ರಿಂದ 1994ರ ತನಕ ಬಂದ ಸ್ಟಾರ್ ಟ್ರೆಕ್ ನೆಕ್ಸ್ಟ್ ಜನರೇಷನ್. ಇದನ್ನೂ 35 ಎಂಎಂ ಫಿಲ್ಮಲ್ಲೇ ಶೂಟ್ ಮಾಡಿದ್ದು, ಆದ್ರೆ ಎಡಿಟಿಂಗು, ಗ್ರಾಫಿಕ್ಸ್ ಜೋಡಣೆ ಎಲ್ಲ ವಿಡಿಯೋ ಟೇಪಲ್ಲಿ. ಅಂದ್ರೆ ಪೂರ್ತಿಯಾದ ಎಪಿಸೋಡ್ ಅನ್ನೋದು ಫಿಲ್ಮಲ್ಲಿ ಎಲ್ಲೂ ಇರ್ಲೇ ಇಲ್ಲ, ಟೇಪಲ್ಲಿ ಮಾತ್ರ ಇತ್ತು. ಆ ಟೇಪನ್ನ ಎಷ್ಟು ಉಜ್ಜಿದ್ರೂ ಎಚ್‌ಡಿ ಬರಲ್ಲ, ಇದು ನಮ್ಮ ಮದುವೆ ಕ್ಯಾಸೆಟ್ಟಿನವರಿಗೆ ನಾನು ದಿನಾ ಹೇಳೋ ಮಾತು: ಟೇಪಲ್ಲಿ ಇಲ್ಲದ್ದನ್ನ ನಾ ಎಲ್ಲಿಂದ ತರ್ಲಿ? ಅವರು ಎಂತ ಮಾಡಿದ್ರು ಅಂದ್ರೆ ಗೋದಾಮಲ್ಲಿದ್ದ ಸಾವಿರಾರು ಡಬ್ಬಿ ಮೂಲ ನೆಗೆಟಿವ್ ಹುಡುಕಿ ತೆಗೆದು, ಏಳೂ ಸೀಸನ್ನನ್ನ ಶಾಟ್ ಶಾಟ್ ಆಗಿ ಮತ್ತೆ ಎಡಿಟ್ ಮಾಡಿದ್ರು. ಹಡಗಿನ ಮಾಡೆಲ್‌ನ ಬಿಡಿ ಬಿಡಿ ಫಿಲ್ಮು, ಅಂದ್ರೆ ಮೈಗೆ ಬೆಳಕು ಬಿದ್ದದ್ದು ಒಂದು, ಕಿಟಕಿ ಲೈಟ್ ಒಂದು, ಅಂಚು ಕತ್ತರಿಸೋಕೆ ಒಂದು, ಇವೆಲ್ಲ ಇನ್ನೂ ಇದ್ವು, ಅವನ್ನೇ ಸ್ಕ್ಯಾನ್ ಮಾಡಿ ಕಂಪ್ಯೂಟರಲ್ಲಿ ಒಂದರ ಮೇಲೊಂದು ಕೂರಿಸಿದ್ರು. 1987ರಲ್ಲಿ ಕ್ಯಾಮೆರಾ ಮುಂದೆ ನಿಂತ ಅದೇ ಹಡಗು, ಅದೇ ಚಲನೆ, ಆದ್ರೆ ಮೊದಲ ಸಲ ಅದು ನಿಜಕ್ಕೂ ಹೇಗಿತ್ತು ಅಂತ ಕಂಡಿದ್ದು. ಫೇಸರ್ ಅನ್ನೋ ಆಯುಧದ ಕಿರಣ ಮೊದಲಾದ ವಿಡಿಯೋಲಿ ಬಿಡಿಸಿದ್ದನ್ನ ಹೊಸದಾಗಿ ಮಾಡಿದ್ರು, ಫಿಲ್ಮ್ ಸಿಗದ ಕಡೆ ಸಿಜಿ ಹಾಕಿದ್ರು, ಎಲ್ಲೋ ಒಂದೆರಡು ಕಡೆ ಕೆಲವು ಸೆಕೆಂಡು ಹಳೇ ಟೇಪನ್ನೇ ಹಿಗ್ಗಿಸಿ ಸೇರಿಸಿದ್ರು. 2012ರಿಂದ 2014ರ ಒಳಗೆ ಏಳೂ ಸೀಸನ್ ಬ್ಲೂ-ರೇ ಬಂತು. ದುಡ್ಡು ಮಾತ್ರ ಬೇಕಾದಷ್ಟು ಸುರಿದ್ರು, ಆಮೇಲೆ ಬಂದ ಸ್ಟಾರ್ ಟ್ರೆಕ್ ಸೀರಿಯಲ್ಲುಗಳಾದ ಡೀಪ್ ಸ್ಪೇಸ್ ನೈನ್‌ಗೆ, ವಾಯೇಜರ್‌ಗೆ ಈ ಭಾಗ್ಯ ಸಿಗ್ಲಿಲ್ಲ.

ಅವುಗಳ ತೊಂದರೆ ಇನ್ನೂ ಒಂದು ಥರ. 90ರ ದಶಕದಲ್ಲಿ ಮಾಡೆಲ್ ಬಿಟ್ಟು ಸಿಜಿ ಬಂತಲ್ಲ, ಆ ಸಿಜಿ ಟಿವಿಗೆ ಎಷ್ಟು ಬೇಕೋ ಅಷ್ಟೇ ಚಿಕ್ಕ ಸೈಜಲ್ಲಿ ರೆಂಡರ್ ಆಗಿದ್ದು, ಅಂದ್ರೆ ಕಂಪ್ಯೂಟರ್ ಲೆಕ್ಕ ಹಾಕಿ ಚಿತ್ರ ಮಾಡಿದ್ದು. ಬ್ಯಾಬಿಲಾನ್ 5 ಅನ್ನೋ ಸ್ಪೇಸ್ ಸೀರಿಯಲ್ ಇದಕ್ಕೆ ಒಳ್ಳೆ ಉದಾಹರಣೆ: ಶುರುವಲ್ಲಿ ಅಮಿಗಾ ಕಂಪ್ಯೂಟರ್‌ಗಳಲ್ಲಿ ಲೈಟ್‌ವೇವ್ ಸಾಫ್ಟ್‌ವೇರ್ ಇಟ್ಕೊಂಡು ಯುದ್ಧಗಳನ್ನ ಮಾಡಿದ್ರು, ಆ ಕಾಲಕ್ಕೆ ದೊಡ್ಡ ಸಾಹಸ. ನಟರ ಭಾಗ ಫಿಲ್ಮಲ್ಲಿದೆ, ಅಗಲ ಪರದೆಗೂ ಆಗೋ ಹಾಗೆ ಮುಂದಾಲೋಚನೆ ಮಾಡಿ ಶೂಟ್ ಮಾಡಿದ್ರು, ಆದ್ರೆ ಸಿಜಿನ ಹಳೇ ಚೌಕ ಟಿವಿ ಅಳತೆಗೇ ಮಾಡಿದ್ರು. ಅಗಲ ಪರದೆಯ ಡಿವಿಡಿ ಮಾಡುವಾಗ ಆ ಸಿಜಿಯ ಮೇಲೆ ಕೆಳಗೆ ಕತ್ತರಿಸಿ ಎಳೆದ್ರು, ಹಡಗು ಬಂದಾಗೆಲ್ಲ ಚಿತ್ರ ಕಲಸಿದ ಹಿಟ್ಟಿನ ಹಾಗಾಯ್ತು. ಮತ್ತೆ ರೆಂಡರ್ ಮಾಡೋಣ ಅಂದ್ರೆ ಮೂಲ ಫೈಲ್‌ಗಳಲ್ಲಿ ಬಹಳಷ್ಟು ಕೈಯಲ್ಲಿಲ್ಲ. 2021ರ ರೀಮಾಸ್ಟರಲ್ಲಿ ಕೊನೆಗೆ ಬುದ್ಧಿ ಬಂದು ವಾಪಸ್ ಚೌಕಕ್ಕೇ ಹೋದ್ರು, ನಟರ ಭಾಗ ಫಿಲ್ಮಿಂದ ಎಚ್‌ಡಿ, ಸಿಜಿ ಹಿಗ್ಗಿಸಿದ್ದು. ಮರದ ಹಡಗು 50 ವರ್ಷ ಉಳೀತು, ಹಾರ್ಡ್‌ಡಿಸ್ಕಲ್ಲಿದ್ದ ಹಡಗು ಹತ್ತಿಪ್ಪತ್ತು ವರ್ಷಕ್ಕೇ ಕಾಣೆ.

ಕೆಟ್ಟ ಉದಾಹರಣೆ ಬೇಕಂದ್ರೆ ರೆಡ್ ಡ್ವಾರ್ಫ್. ಬ್ರಿಟನ್ನಿನ ಕಾಮಿಡಿ ಸ್ಪೇಸ್ ಸೀರಿಯಲ್, 1988ರಲ್ಲಿ ಶುರುವಾಗಿದ್ದು. 1998ರಲ್ಲಿ ಮೊದಲ ಮೂರು ಸೀಸನ್ನಿನ ಮಾಡೆಲ್ ಶಾಟ್ ತೆಗೆದು ಸಿಜಿ ಹಾಕಿದ್ರು, ವಿಡಿಯೋಗೆ ಫಿಲ್ಮಿನ ಛಾಯೆ ಬಳಿದ್ರು. ಅಭಿಮಾನಿಗಳಿಗೆ ಹಿಡಿಸ್ಲೇ ಇಲ್ಲ, ಆಮೇಲೆ ಡಿವಿಡಿ ಬಂದಾಗ ಮೂಲ ಆವೃತ್ತಿನೇ ಹಾಕ್ಬೇಕಾಯ್ತು. ಒಂದು ವಿಷಯ ಗಮನಿಸಿ, ಇವತ್ತು ನೋಡಿದ್ರೆ 1988ರ ಮಾಡೆಲ್ಲಿಗಿಂತ 1998ರ ಸಿಜಿನೇ ಹಳೇದಾಗಿ ಕಾಣತ್ತೆ. ಸಿಜಿಗೆ ವಯಸ್ಸಾಗೋದು ಬೇಗ.

ಇದೇ ಬ್ರಿಟನ್ನಿನ ಬಿಬಿಸಿ ಡಾಕ್ಟರ್ ಹೂ ಅನ್ನೋ ಸೀರಿಯಲ್ ವಿಷಯದಲ್ಲಿ ಒಳ್ಳೆ ದಾರಿ ಹಿಡೀತು. ಮೊದ್ಲು ಅವರೇ ಮಾಡಿದ ಪಾಪ ದೊಡ್ಡದು ಬಿಡಿ, 60-70ರ ದಶಕದಲ್ಲಿ ಟೇಪ್ ದುಬಾರಿ ಅಂತ ಹಳೇ ಎಪಿಸೋಡ್‌ಗಳನ್ನ ಅಳಿಸಿ ಅದ್ರ ಮೇಲೇ ಬೇರೆ ರೆಕಾರ್ಡ್ ಮಾಡಿದ್ರು. ಆದ್ರೆ ಉಳಿದದ್ದನ್ನ ಡಿವಿಡಿಗೆ ತರುವಾಗ ಕೆಲವು ಕತೆಗಳಿಗೆ ಹೊಸ ಗ್ರಾಫಿಕ್ಸ್ ಮಾಡಿ ಮೆನುಲಿ ಆಯ್ಕೆ ಕೊಟ್ರು. 1964ರ ‘ದಿ ಡಾಲೆಕ್ ಇನ್ವೇಷನ್ ಆಫ್ ಅರ್ಥ್’ನಲ್ಲಿ ತಟ್ಟೆ ಥರದ ಹಾರೋ ಯಂತ್ರ ಇದೆಯಲ್ಲ, 2003ರ ಡಿವಿಡಿಲಿ ಬೇಕಾದ್ರೆ ಹೊಸ ಸಿಜಿ ತಟ್ಟೆ, ಬೇಡಾದ್ರೆ ಹಳೇದೇ. ಇದ್ರಲ್ಲಿ ಜಗಳಕ್ಕೆ ಜಾಗನೇ ಇಲ್ಲ ನೋಡಿ.

ಎಐ ವಿಷಯಕ್ಕೆ ಬಂದ್ರೆ ನನ್ನ ಅಂಗಡಿಲೇ ನಡೆದದ್ದು ಹೇಳ್ತೀನಿ. ಸಿದ್ದಾಪುರ ಕಡೆಯ ಒಬ್ರು ಹಳೇ ಉಪನಯನದ ಕ್ಯಾಸೆಟ್ ತಂದು ತಮ್ಮ ಆಯಿ ಮುಖ ಮಾತ್ರ ಸ್ವಲ್ಪ ಕ್ಲಿಯರ್ ಮಾಡ್ಕೊಡು ಅಂದ್ರು. ಟೇಪಲ್ಲಿ ಆ ಮುಖ ಅಂದ್ರೆ ಬೆರಳು ಉಗುರಿನಷ್ಟು, ಕಣ್ಣು ಎರಡು ಕಪ್ಪು ಚುಕ್ಕಿ, ಬಾಯಿ ಒಂದು ಕೆಂಪು ಗೆರೆ. ಎಐ ಸಾಫ್ಟ್‌ವೇರಿಗೆ ಹಾಕಿ ಇದು ಊಹೆ ಮಾಡೋ ಯಂತ್ರ ಅಂತ ಮೊದ್ಲೇ ಹೇಳಿ ತೋರಿಸ್ದೆ. ಮುಖ ಕನ್ನಡಿ ಥರ ಸ್ಪಷ್ಟ ಬಂತು, ನಗುವಾಗ ಸಾಲಾಗಿ ಬಿಳೀ ಹಲ್ಲು. ಅವರು ಸ್ಕ್ರೀನ್ ಹತ್ರ ಬಗ್ಗಿ ನೋಡಿ, "ಇದು ಯನ್ನ ಆಯಿ ಅಲ್ದಾ ತಮಾ, ಆಯಿಗೆ ಹಲ್ಲು ಎಲ್ಲಿತ್ತಾ" ಅಂದ್ರು. ಕವಳ ಹಾಕಿ ಹಾಕಿ ಹಲ್ಲು ಹೋದ ಹೆಂಗಸಿಗೆ ಯಂತ್ರ ಹಲ್ಲು ಕಟ್ಟಿತ್ತು, ಯಾಕಂದ್ರೆ ಅದು ಕಲಿತ ಲಕ್ಷಾಂತರ ಮುಖಗಳಲ್ಲಿ ನಗುವವರಿಗೆ ಹಲ್ಲಿರತ್ತೆ. ಮಸುಕು ಟೇಪೇ ಸಾಕು ಅಂತ ತಗೊಂಡು ಹೋದ್ರು. ಹಳೇ ಸೀರಿಯಲ್ಲುಗಳನ್ನ ಎಐಲಿ ಹಿಗ್ಗಿಸಿದಾಗ ಆಗೋದೂ ಇದೇನೆ, ಹಿಂದೆ ನಿಂತವರ ಮುಖ ಮೇಣದ ಹಾಗೆ, ಕಂಟ್ರೋಲ್ ಪ್ಯಾನೆಲ್ ಮೇಲಿನ ಅಕ್ಷರ ಯಾವ ಭಾಷೆನೂ ಅಲ್ಲದ ಗೀಚು. ನೆಗೆಟಿವ್ ಸ್ಕ್ಯಾನ್ ಮಾಡೋದು ಇದ್ದದ್ದನ್ನ ತೆಗೆಯೋದು, ಎಐ ಮಾಡೋದು ಇದ್ದಿರಬಹುದಾದ್ದನ್ನ ಬರೆಯೋದು.

ಇನ್ನು ಇದನ್ನೆಲ್ಲ ತೀರ್ಮಾನ ಮಾಡೋ ಅಧಿಕಾರ ಯಾರದ್ದು? ಇಲ್ಲಿ ಯಾರೂ ಅಷ್ಟು ಶುದ್ಧ ಇಲ್ಲ. ಸ್ಟಾರ್ ವಾರ್ಸ್‌ನ ಜಾರ್ಜ್ ಲ್ಯೂಕಸ್ 1988ರಲ್ಲಿ ಅಮೆರಿಕದ ಕಾಂಗ್ರೆಸ್ ಮುಂದೆ ಹೋಗಿ ಹಳೇ ಸಿನಿಮಾಗಳನ್ನ ಹೀಗೆ ತಿದ್ದೋದು ತಪ್ಪು ಅಂತ ಹೇಳಿ ಬಂದವರು, 1997ರಲ್ಲಿ ತಮ್ಮದೇ ಸಿನಿಮಾಗಳಿಗೆ ಸಿಜಿ ಪ್ರಾಣಿ, ಹೊಸ ಸೀನು ಎಲ್ಲ ತುರುಕಿದ್ರು, ಹಳೇದು ಸರಿಯಾಗಿ ಸಿಗದ ಹಾಗೂ ಆಯ್ತು. ನಮ್ಮ ದೇಶದಲ್ಲಿ ಕಾಪಿರೈಟ್ ಕಾಯ್ದೆಯ 57ನೇ ಕಲಮು ಕೃತಿಯನ್ನ ವಿರೂಪ ಮಾಡಿದ್ರೆ ಕರ್ತೃ ಆಕ್ಷೇಪಿಸಬಹುದು ಅನ್ನತ್ತೆ, ಆದ್ರೆ ಅದೇ ಕಾಯ್ದೆ ಪ್ರಕಾರ ಸಿನಿಮಾದ ಕರ್ತೃ ಅಂದ್ರೆ ನಿರ್ಮಾಪಕ, ನಿರ್ದೇಶಕ ಅಲ್ಲ. ಅದಕ್ಕೇ 2025ರಲ್ಲಿ ಹಿಂದಿಯ ರಾಂಝಣಾದ ತಮಿಳು ಆವೃತ್ತಿಗೆ ಎಐಲಿ ಬೇರೆ ಕ್ಲೈಮ್ಯಾಕ್ಸ್ ಮಾಡಿ ಬಿಟ್ಟಾಗ ನಿರ್ದೇಶಕ ಆನಂದ್ ಎಲ್ ರೈ ಎಷ್ಟು ಬೇಜಾರು ಮಾಡ್ಕೊಂಡ್ರೂ ಅದು ಬಿಡುಗಡೆ ಆಗೇ ಹೋಯ್ತು. ಕನ್ನಡದಲ್ಲಿ 2008ರಲ್ಲಿ ಸತ್ಯಹರಿಶ್ಚಂದ್ರಕ್ಕೆ, 2014ರಲ್ಲಿ ಕಸ್ತೂರಿ ನಿವಾಸಕ್ಕೆ ಬಣ್ಣ ಹಾಕಿದಾಗ ಜನ ಖುಷಿಯಿಂದ್ಲೇ ಹೋಗಿ ನೋಡಿದ್ರು, ಅದಕ್ಕೆ ನನ್ನ ತಕರಾರಿಲ್ಲ, ಕಪ್ಪು-ಬಿಳುಪಿಂದು ಟಿವಿಲಿ ಈಗಲೂ ಬರತ್ತಲ್ಲ.

ನನ್ನ ಅಭಿಪ್ರಾಯ ಕೇಳಿದ್ರೆ: ಮೂಲ ಫಿಲ್ಮಿಂದ ಮತ್ತೆ ಜೋಡಿಸೋದು ಯಾವಾಗ್ಲೂ ಸರಿ, ಅದಕ್ಕೆ ಎಷ್ಟು ಖರ್ಚಾದ್ರೂ ಸಾರ್ಥಕ. ಹಳೇದು ತೆಗೆದು ಹೊಸ ಸಿಜಿ ಹಾಕೋದು ಆಗಬಹುದು, ಆದ್ರೆ ಹಳೇದೂ ಅದೇ ಬೆಲೆಗೆ, ಅದೇ ಜಾಗದಲ್ಲಿ, ಅಷ್ಟೇ ಸುಲಭಕ್ಕೆ ಸಿಗಬೇಕು. ಹುಡುಕಿಕೊಂಡು ಹೋದವನಿಗೆ ಮಾತ್ರ ಸಿಗೋದು ಅಂದ್ರೆ ಸಿಗದ ಹಾಗೇ. ಎಐಲಿ ಹಿಗ್ಗಿಸಿದ್ದನ್ನ ಮಾತ್ರ ಯಾವ ಕಾರಣಕ್ಕೂ ಮೂಲ ಅಂತ ಮಾರಬಾರ್ದು. ನನ್ನ ಅಕ್ಕನ ಮಗ, ಇಂಜಿನಿಯರಿಂಗ್ ಓದ್ತಿರೋನು, "ಮಾವಾ, ಹಳೇ ಗ್ರಾಫಿಕ್ಸ್ ನೋಡಿ ನಗು ಬಂದ್ರೆ ಕತೆ ಹೇಗೆ ತಲೆಗೆ ಹೋಗತ್ತೆ, ನೋಡೋ ಜನನೇ ಇಲ್ದಿದ್ರೆ ಉಳಿಸಿ ಎಂತ ಮಾಡ್ತೆ" ಅಂತಾನೆ. ಅವನ ಮಾತಲ್ಲಿ ತೂಕ ಇದೆ, ಹೊಸ ಆವೃತ್ತಿ ಇಲ್ದಿದ್ರೆ ಅವನು ಹಳೇ ಸ್ಟಾರ್ ಟ್ರೆಕ್ ಶುರುನೇ ಮಾಡ್ತಿರ್ಲಿಲ್ಲ, ಈಗ ಎರಡನೇ ಸೀಸನ್‌ಲಿದಾನೆ. ಆದ್ರೆ ಅವನಿಗೇ ನಾನು ಡೀಪ್ ಸ್ಪೇಸ್ ನೈನ್‌ನ 1996ರ ಒಂದು ಎಪಿಸೋಡ್ ತೋರಿಸ್ದೆ, ಅದ್ರಲ್ಲಿ ಆಗಿನ ನಟರು 60ರ ದಶಕದ ಹಳೇ ಎಪಿಸೋಡಿನ ಒಳಗೇ ಹೋಗ್ತಾರೆ. ಅದಕ್ಕಾಗಿ ಹಳೇ ಹಡಗಿನ ಮಾಡೆಲನ್ನ ಮತ್ತೆ ಕಟ್ಟಿದ್ರು, ಬೆಳಕು, ಲೆನ್ಸು, ಫಿಲ್ಮಿನ ಗ್ರೇನು ಎಲ್ಲ ಹಳೇದಕ್ಕೆ ಹೊಂದೋ ಹಾಗೆ ಮಾಡಿದ್ರು. ಎಲ್ಲಿ ಹಳೇದು ಮುಗೀತು, ಎಲ್ಲಿ ಹೊಸದು ಶುರುವಾಯ್ತು ಅಂತ ಅವನಿಗೆ ಹೇಳೋಕೆ ಆಗ್ಲಿಲ್ಲ, ಮತ್ತೆ ಹಿಂದೆ ಓಡಿಸಿ ನೋಡಿದ.

ಶುರು ಮಾಡೋರಿಗೆ: ಸ್ಟ್ರೀಮಿಂಗಲ್ಲಿ ಹಳೇ ಸ್ಟಾರ್ ಟ್ರೆಕ್ ಅಂತ ಬರೋದು ಸಾಮಾನ್ಯವಾಗಿ 2006ರ ಹೊಸ ಗ್ರಾಫಿಕ್ಸ್ ಇರೋದೇ. ಯಾವುದು ಅಂತ ಗೊತ್ತಾಗ್ಬೇಕಂದ್ರೆ ಹಡಗಿನ ಅಂಚು ನೋಡಿ, ಗೆರೆ ಹೊಡೆದಷ್ಟು ಚೂಪಾಗಿದ್ದು ಗ್ರಹದ ಮೇಲೆ ಮೋಡ ಓಡ್ತಿದ್ರೆ ಹೊಸದು. 2009ರ ಬ್ಲೂ-ರೇಲಿ ಎರಡೂ ಇದೆ, ಹಳೇದೋ ಹೊಸದೋ ನೀವೇ ಆರಿಸ್ಕೊಳ್ಳಬಹುದು. ‘ಡೂಮ್ಸ್‌ಡೇ ಮಷಿನ್’ ಹೊಸದ್ರಲ್ಲಿ ನೋಡಿ. 1966ರ ‘ಬ್ಯಾಲೆನ್ಸ್ ಆಫ್ ಟೆರರ್’ ಮಾತ್ರ, ಒಬ್ಬರನ್ನೊಬ್ಬರು ಕಾಣದೆ ಎರಡು ಹಡಗು ಜಲಾಂತರ್ಗಾಮಿಗಳ ಹಾಗೆ ಹುಡುಕಾಡೋ ಕತೆ ಅದು, ಹಳೇದ್ರಲ್ಲೇ ನೋಡಿ, ಹೊರಗಿನ ಹಡಗು ಮಸುಕಾಗಿದ್ದಷ್ಟೂ ಒಳಗಿನವರ ಹೆದರಿಕೆ ನಂಬೋ ಹಾಗಿರತ್ತೆ.